ಪಂಚಾಶತ್ತಮ ಹಬ್ಬದಲ್ಲಿ ಭಾಷೆಗಳು ಒಂದಾಗಲಿಲ್ಲ

ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಅವರು ಬೇರೆಬೇರೆ ಭಾಷೆಗಳಲ್ಲಿ ಮಾತಾಡಿದ ದಿನದ ನೆನಪಿನ ಪಂಚಾಶತ್ತಮ (ಪೆಂತೆಕೋಸ್ತ್) ಹಬ್ಬ ಬಂತೆಂದರೆ ಚರ್ಚಿನ ಪ್ರಸಂಗಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ಬೈಬಲಿನ ಬಾಬೆಲ್ ಗೋಪುರದ ಕಥೆಯಲ್ಲಿ ಚದುರಿದ ಭಾಷೆಗಳು ಯೆರೂಸಲೇಮಿನಲ್ಲಿ ಮತ್ತೆ ಒಂದಾದವು ಎಂದು. ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ತೆಗೆದು ನೋಡಿ, ಹಾಗೆ ಬರೆದೇ ಇಲ್ಲ. ಪಾರ್ಥ್ಯರು, ಮೇದ್ಯರು, ಏಲಾಮ್ಯರಿಂದ ಹಿಡಿದು ಕ್ರೇತ್ಯರು, ಅರಬೀಯರವರೆಗೆ 15 ಜನಾಂಗ, ಸೀಮೆಗಳನ್ನು ಅದನ್ನು ಬರೆದ ಲೂಕ ಹೆಸರಿಟ್ಟು ಹೇಳುತ್ತಾನೆ. ಅಷ್ಟೂ ಜನ ಕೇಳಿದ್ದು ತಂತಮ್ಮ ಹುಟ್ಟುಭಾಷೆಯನ್ನು. ನಾಲಿಗೆ ಹೊರಳಿಸಬೇಕಾಗಿ ಬಂದದ್ದು ಗಲಿಲಾಯದವರಾದ ಶಿಷ್ಯರಿಗೆ. ದೂರದಿಂದ ಬಂದವರು ಏನನ್ನೂ ಬಿಟ್ಟುಕೊಡಬೇಕಾಗಲಿಲ್ಲ.

ಇದು ಸಣ್ಣ ವಿಷಯವಲ್ಲ. ಆ ಕಾಲಕ್ಕೆ ರೋಮಿನ ಪೂರ್ವ ಪ್ರಾಂತ್ಯಗಳಲ್ಲೆಲ್ಲ ಗ್ರೀಕ್ ನಡೆಯುತ್ತಿತ್ತು, ಮೆಸೊಪೊಟೇಮಿಯದ ಕಡೆ ಅರಾಮಿಕ್. ಬರೀ ಸುದ್ದಿ ಮುಟ್ಟಿಸಬೇಕಿದ್ದರೆ ಈ ಎರಡರಲ್ಲೇ ಹೆಚ್ಚುಕಡಿಮೆ ಕೆಲಸ ಮುಗಿಯುತ್ತಿತ್ತು. ಆದರೆ ಸಂತೆಯಲ್ಲಿ ಚೌಕಾಸಿ ಮಾಡುವ ಭಾಷೆ ಬೇರೆ, ಅವ್ವ ಜೋಗುಳ ಹಾಡಿದ, ಬೈದ ಭಾಷೆ ಬೇರೆ. ಪವಿತ್ರಾತ್ಮ ಆರಿಸಿಕೊಂಡದ್ದು ಅವ್ವನ ಭಾಷೆಯನ್ನು.

ಹಬ್ಬದ ಬೇರಿನಲ್ಲೇ ಇದರ ಸುಳಿವಿದೆ ಅನಿಸುತ್ತದೆ. ಯೆಹೂದ್ಯರ ಬಿಡುಗಡೆಯ ಹಬ್ಬವಾದ ಪಸ್ಕದಿಂದ ಏಳು ವಾರ ಎಣಿಸಿ, 50ನೇ ದಿನ ಗೋಧಿ ಸುಗ್ಗಿಯ ಪ್ರಥಮಫಲವಾಗಿ ಎರಡು ರೊಟ್ಟಿ ಅರ್ಪಿಸಬೇಕೆಂದು ಯಾಜಕಕಾಂಡ 23 ಹೇಳುತ್ತದೆ. ಅದೂ ಹುಳಿಹಿಟ್ಟಿನ ರೊಟ್ಟಿ. ಪಸ್ಕದಲ್ಲಿ ಹುಳಿ ಮನೆಯೊಳಗೇ ಇರಬಾರದು; ಏಳು ವಾರ ಕಳೆದ ಮೇಲೆ ಅದೇ ಹುಳಿ ಉಬ್ಬಿ, ಬೆಂದು, ದೇವರ ಮುಂದೆ. ಆ ಜೋಡಿ ರೊಟ್ಟಿಯಲ್ಲಿ ಯೆಹೂದ್ಯರನ್ನೂ ಅನ್ಯಜನರನ್ನೂ ಕಂಡ ಕ್ರೈಸ್ತ ವ್ಯಾಖ್ಯಾನಕಾರರಿದ್ದಾರೆ.

ಈ ಐಕ್ಯ ಎಲ್ಲಿ ಕೈಕೊಡುತ್ತದೆ ಎನ್ನುವುದಕ್ಕೆ ಅಜುಸಾ ಬೀದಿ ಸಾಕ್ಷಿ. 1906ರಲ್ಲಿ ಲಾಸ್ ಏಂಜಲೀಸಿನ ಆ ಬೀದಿಯ ಹಳೇ ಕಟ್ಟಡದಲ್ಲಿ ಪೆಂತೆಕೋಸ್ತ್ ಉಜ್ಜೀವನ (ಆ ಹಬ್ಬದ ಅನುಭವವನ್ನು ಮತ್ತೆ ಬಯಸಿದ ಪ್ರಾರ್ಥನಾ ಕೂಟಗಳು) ನಡೆಸಿದವರು ವಿಲಿಯಂ ಸೀಮೋರ್, ಗುಲಾಮರಾಗಿದ್ದವರ ಮಗ. ಕಪ್ಪು ಬಣ್ಣದವರೆಂಬ ಕಾರಣಕ್ಕೆ ಹ್ಯೂಸ್ಟನ್ನಿನ ಬೈಬಲ್ ಶಾಲೆಯಲ್ಲಿ ತರಗತಿಯ ಹೊರಗೆ ಕೂತು ಪಾಠ ಕೇಳಿದವರು. ಅಜುಸಾದಲ್ಲಿ ಕರಿಯರು, ಬಿಳಿಯರು, ಮೆಕ್ಸಿಕನ್ನರು ಭುಜಕ್ಕೆ ಭುಜ ತಾಗಿಸಿ ಮೊಣಕಾಲೂರಿದರು. ಕೆಲವೇ ವರ್ಷಗಳಲ್ಲಿ ಬಿಳಿಯರ ಸಂಘಟನೆ ಬೇರೆ, ಕರಿಯರದ್ದು ಬೇರೆ. ಆತ್ಮಪ್ರೇರಣೆಯಿಂದ ಅರಿಯದ ನುಡಿ ಆಡುವ ಅನ್ಯಭಾಷೆಯ ವರವನ್ನು ಇಬ್ಬರೂ ಜೋಪಾನ ಮಾಡಿಕೊಂಡರು, ಒಂದೇ ಬೆಂಚಿನಲ್ಲಿ ಕೂರುವುದನ್ನು ಮಾತ್ರ ಬಿಟ್ಟರು. ನೆನೆದರೆ ಹೊಟ್ಟೆ ಉರಿಯುತ್ತದೆ.

ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಆರಾಧನೆಗಳು ಒಂದೇ ಸೂರಿನಡಿ ಬೇರೆಬೇರೆ ಹೊತ್ತಿಗೆ ನಡೆಯುವ ಬೆಂಗಳೂರಿನಂಥ ಊರಿನ ಸಭೆಗಳಿಗೆ ಎರಡು ಮಾತು. ಹಬ್ಬದ ದಿನ ಎಲ್ಲ ಭಾಷೆಯಲ್ಲಿ ಒಟ್ಟಿಗೆ ಓದಿಸಬೇಡಿ, ಗದ್ದಲ ಬಿಟ್ಟರೆ ಏನೂ ಕೇಳಿಸದು. ಅನ್ಯಭಾಷೆಯಲ್ಲಿ ಮಾತಾಡುವವರಿಗೆ ಪೌಲ 1 ಕೊರಿಂಥ 14ರಲ್ಲೇ ಅಳತೆ ಕೊಟ್ಟಿದ್ದಾನೆ: ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು, ಜೊತೆಗೆ ಅರ್ಥ ಹೇಳುವವನು, ಅವನಿಲ್ಲದಿದ್ದರೆ ಮೌನ. ಅಪೊಸ್ತಲರ ಕೃತ್ಯಗಳು 2ರ ಮೊದಲ 11 ವಚನಗಳನ್ನು ಹಂಚಿ ಓದಿಸಿ, ಉಳಿದವರ ಕೈಗೆ ಅವರ ಭಾಷೆಯ ಹಾಳೆ ಕೊಡಿ. ಪ್ರಸಂಗವನ್ನು ವಾಕ್ಯವಾಕ್ಯಕ್ಕೂ ಅನುವಾದಿಸಿದರೆ 20 ನಿಮಿಷದ್ದು 40 ಆಗುತ್ತದೆ, ಎಳೆಯೂ ತುಂಡಾಗುತ್ತದೆ. ಎರಡು ಮೂರು ಕಡೆ ನಿಲ್ಲಿಸಿ ಸಾರಾಂಶ ಹೇಳಿದರೆ ಸಾಕು.

ಇದಕ್ಕಿಂತ ಗಟ್ಟಿ ಪರೀಕ್ಷೆ ಇರುವುದು ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ. ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ತಪ್ಪಿಹೋಗುತ್ತಿದೆ ಎಂಬ ಗೊಣಗಾಟ ಎದ್ದಿತು. ಅಪೊಸ್ತಲರು ಅದನ್ನು ಅದುಮಲಿಲ್ಲ. ಏಳು ಮಂದಿಯನ್ನು ಆರಿಸಿರೆಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಏಳೂ ಗ್ರೀಕ್ ಹೆಸರುಗಳು. ಇಡೀ ಸಭೆಯ ಊಟದ ಹೊಣೆ ಅವರ ಕೈಗೆ ಹೋಯಿತು. ಕೊನೆಯ ನಿಕೊಲಾಯನಂತೂ ಅಂತಿಯೋಕ್ಯದವನು, ಹುಟ್ಟಿನಿಂದ ಯೆಹೂದ್ಯನೂ ಅಲ್ಲ.