ಸ್ಪಷ್ಟನೆ: ಥರ್ಸ್ಟನ್ ಗೆಲ್ಲಿಸಿದ್ದು ಆ ಒದೆತದಿಂದಲ್ಲ

2015ರ ಎನ್‌ಆರ್‌ಎಲ್ (ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಲೀಗ್) ಫೈನಲ್‌ನಲ್ಲಿ ಜೊನಾಥನ್ ಥರ್ಸ್ಟನ್ ಕೊನೆಯ ಕ್ಷಣದ ಕನ್ವರ್ಷನ್ ಒದೆತದಿಂದ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ‘ಟ್ರೈ’ ಗಳಿಸಿದ ಬಳಿಕ, ಕಂಬಗಳ ನಡುವೆ ಒದೆಯಲು ಸಿಗುವ ಅವಕಾಶ) ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡವನ್ನು ಗೆಲ್ಲಿಸಿದರು ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಕೈಲ್ ಫೆಲ್ಟ್ ಮೂಲೆಯಲ್ಲಿ ಟ್ರೈ ಗಳಿಸಿ ಬ್ರಿಸ್ಬೇನ್ ಬ್ರಾಂಕೋಸ್ ಎದುರು 16-16 ಸಮ ಮಾಡಿದ್ದು ನಿಜ. ಆದರೆ ಗೆರೆಯಂಚಿನಿಂದ ಥರ್ಸ್ಟನ್ ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ಹೊರಬಿತ್ತು! ಮೊದಲು ಅಂಕ ಗಳಿಸಿದವರೇ ಗೆಲ್ಲುವ ಹೆಚ್ಚುವರಿ ಅವಧಿಯ ಆರಂಭದಲ್ಲೇ ಎದುರಾಳಿ ಬೆನ್ ಹಂಟ್ ಚೆಂಡು ಕೈಬಿಟ್ಟರು. ಬಳಿಕ ಬಂದದ್ದು ಥರ್ಸ್ಟನ್ ಅವರ ಒಂದಂಕದ ಫೀಲ್ಡ್ ಗೋಲ್ (ಆಟ ಸಾಗುತ್ತಿರುವಾಗಲೇ ಕಂಬಗಳ ನಡುವೆ ಒದೆಯುವುದು). 17-16. ತಪ್ಪಿದ ಒದೆತವನ್ನು ಅಳಿಸಿಹಾಕಿದರೆ ಪಂದ್ಯದ ಸ್ವಾರಸ್ಯವೇ ಹೋಗುತ್ತದೆ.

ಅದು ಅವರ ಏಕೈಕ ಕಿರೀಟ ಎಂಬುದೂ ಸರಿಯಲ್ಲ. 2004ರಲ್ಲಿ ಬುಲ್‌ಡಾಗ್ಸ್ ಪರ ಬದಲಿ ಆಟಗಾರರಾಗಿ ಗೆದ್ದಿದ್ದರು. ಗೆದ್ದವರಿಗೆ ಸಿಗುವ ಉಂಗುರವನ್ನು ಗಾಯದಿಂದ ಹೊರಗುಳಿದಿದ್ದ ನಾಯಕ ಸ್ಟೀವ್ ಪ್ರೈಸ್ ಅವರಿಗೆ ಕೊಟ್ಟುಬಿಟ್ಟರು.