ರದ್ದಿಗೂ ಜಗಲಿಗೂ ನಡುವೆ ಒಂದು ಹಾಳೆ

ಧಾರವಾಡದ ನಮ್ಮಂಥ ಮನೆಗಳಲ್ಲಿ ಹಳೆ ಕಾಗದಕ್ಕೆ ಎರಡೇ ಗತಿ. ಅಜ್ಜ ಓದುತ್ತಿದ್ದ ಪೋಥಿಯಾದರೆ ಕೆಂಪು ಅರಿವೆಯಲ್ಲಿ ಸುತ್ತಿ ದೇವರ ಜಗಲಿ ಮೇಲಿಡುತ್ತಾರೆ. ಆಮೇಲೆ ಯಾರೂ ಬಿಚ್ಚುವುದಿಲ್ಲ, ಕೈಮುಗಿಯುತ್ತಾರೆ ಅಷ್ಟೇ. ಉಳಿದದ್ದೆಲ್ಲ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ರದ್ದಿಯವನ ತಕ್ಕಡಿ ಏರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸಂಸಾರ ಹೂಡಿದ ಮೇಲೆ ನಾನು ಕಂಡದ್ದು ಬೇರೆ ದಾರಿ. ಇಲ್ಲಿ ಹಳೆ ಕಾಗದ ಸಂತೆಗೆ ಬರುತ್ತದೆ. ಡೆವೆಂಟರ್ ಎಂಬ ಊರಿನಲ್ಲಿ ಆಗಸ್ಟ್ ಬಂತೆಂದರೆ ಐಸೆಲ್ ನದಿಯ ದಂಡೆಗೆ ಕಿಲೋಮೀಟರುಗಟ್ಟಲೆ ಪುಸ್ತಕದಂಗಡಿಗಳ ಸಾಲು. ಜನ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಬೆನ್ನು ತಿರುಗಿಸುತ್ತಾರೆ, ಭೂತಗನ್ನಡಿ ಹಾಕುತ್ತಾರೆ, ಚೌಕಾಸಿಗೆ ಇಳಿಯುತ್ತಾರೆ. ಕೆಲವರು ಮೂಸಿಯೂ ನೋಡುತ್ತಾರೆ.

ನನಗೆ ಅಂಟಿದ್ದು ಹುಳದ ಚಿತ್ರಗಳ ಹುಚ್ಚು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಆ ಗೆರೆಯೊಳಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ನೆನೆಸಿದ ಕಾಗದ ಇಟ್ಟು ಒತ್ತಿ ತೆಗೆದ ಚಿತ್ರಗಳು ಇವು. ಗದಗಿನ ಹಳೆ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸಿದವರಿಗೆ ಇದು ಉಲ್ಟಾ ಅನ್ನಿಸಬಹುದು: ಅವರ ಅಚ್ಚಿನಲ್ಲಿ ಉಬ್ಬಿದ್ದಕ್ಕೆ ಮಸಿ, ಇದರಲ್ಲಿ ತಗ್ಗಿಗೆ. ಒತ್ತಡಕ್ಕೆ ತಗಡಿನ ಅಂಚು ಕಾಗದದೊಳಗೆ ಇಳಿದು ಚೌಕಟ್ಟಿನಂಥ ಗುರುತು ಬಿಟ್ಟಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಬಣ್ಣ ಮಾತ್ರ ಒಂದೊಂದು ಹಾಳೆಗೂ ಕೈಯಿಂದಲೇ ಹಾಕಬೇಕು. ಮಾದರಿ ಹಾಳೆಯೊಂದನ್ನು ಎದುರಿಗಿಟ್ಟುಕೊಂಡು, ಬಹಳ ಕಡೆ ಹೆಣ್ಣುಮಕ್ಕಳು ಮತ್ತು ಸಣ್ಣ ಹುಡುಗರು, ಕುಂಚ ಆಡಿಸಿದ ಕೂಲಿ ಕೆಲಸ ಅದು. ಅವರ ಹೆಸರು ಯಾವ ಮುಖಪುಟದಲ್ಲೂ ಇಲ್ಲ. ಆದರೆ ಭೂತಗನ್ನಡಿ ಇಟ್ಟರೆ ಅವರ ಕೈ ಕಾಣುತ್ತದೆ: ರೆಕ್ಕೆಯ ಗೆರೆ ದಾಟಿದ ಹಳದಿ, ಅಂಚಿನಲ್ಲಿ ನಿಂತು ಒಣಗಿದ ನೀಲಿ. ಒಂದೇ ಪುಸ್ತಕದ ಎರಡು ಪ್ರತಿಗಳಲ್ಲಿ ಒಂದೇ ಪಾತರಗಿತ್ತಿ ಬೇರೆ ಬೇರೆ ಬಣ್ಣ ಉಟ್ಟಿರುತ್ತದೆ. ಬಣ್ಣ ಹಳೆಯದೋ ನಿನ್ನೆ ಬಳಿದದ್ದೋ ನೋಡಲು ಬೆನ್ನು ತಿರುಗಿಸಬೇಕು. ತಾಮ್ರದ ಕಿಲುಬಿನಿಂದ ಮಾಡುತ್ತಿದ್ದ ಹಸಿರು ಕಾಲ ಕಳೆದಂತೆ ಕಾಗದವನ್ನೇ ಸುಟ್ಟು, ಹಿಂದೆ ಎಲೆಯಾಕಾರದ ಕಂದು ನೆರಳು ಮೂಡಿಸಿರುತ್ತದೆ. ಕನ್ನಡಿಯಲ್ಲಿ ಚುಕ್ಕೆಗಳ ಜಾಲ ಕಂಡರಂತೂ ಅದು ಈಚಿನ ಆಫ್‌ಸೆಟ್ ನಕಲು. ಕೆಳಗಿಟ್ಟು ಮುಂದೆ ನಡೆಯಿರಿ.

ಈ ನೋಡುವ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೆಚ್ಚದೆ ಇರುವುದು ಇಲ್ಲಿಯವರ ಚಾಕುವನ್ನು. ಇಡೀ ಪುಸ್ತಕ ಕೊಳ್ಳುವವರು ಕಡಿಮೆ, ಬಿಡಿ ಚಿತ್ರ ಕೊಳ್ಳುವವರು ಬಹಳ; ಹಾಗಾಗಿ ವ್ಯಾಪಾರಿಗಳು ಹೊಲಿಗೆ ಬಿಚ್ಚಿ ಹಾಳೆ ಬಿಡಿಸಿ ಮಾರುತ್ತಾರೆ. ಚಿತ್ರಕ್ಕೆ ಚಂದದ ಫ್ರೇಮು ಸಿಗುತ್ತದೆ, ಆ ಹುಳದ ವಿವರ ಬರೆದಿದ್ದ ಪುಟ ಕಸಕ್ಕೆ ಹೋಗುತ್ತದೆ. ನಮ್ಮ ರದ್ದಿಯವನು ತೂಕಕ್ಕೆ ಕೊಂಡ, ಇವರು ಚಿತ್ರದ ಲೆಕ್ಕಕ್ಕೆ ಮಾರಿದರು. ಪುಸ್ತಕವಂತೂ ಎರಡೂ ಕಡೆ ಸತ್ತಿತು. ಸಣ್ಣ ಕಿಸೆಯವರಿಗೆ ನನ್ನ ಸಲಹೆ: ಎಡಿನ್‌ಬರೋದಲ್ಲಿ 1833ರಿಂದ 1843ರವರೆಗೆ ವಿಲಿಯಂ ಜಾರ್ಡಿನ್ ಹೊರತಂದ 40 ಪುಟ್ಟ ಸಂಪುಟಗಳ ಮಾಲೆಯಲ್ಲಿ ಹುಳಗಳ ಸಂಪುಟಗಳೂ ಇವೆ. ಹೊದಿಕೆ ಹರಿದಿದ್ದರೂ ಪರವಾಗಿಲ್ಲ, ಇಡಿಯಾದದ್ದನ್ನೇ ಕೊಳ್ಳಿರಿ.

ಚಿತ್ರಗಳೊಳಗಿನ ಹುಳಗಳ ಬಗ್ಗೆಯೂ ಒಂದು ತಕರಾರಿದೆ. ಎಡ್ವರ್ಡ್ ಡೊನೊವನ್ ಎಂಬಾತ 1800ರಲ್ಲಿ ಭಾರತದ ಹುಳಗಳ ಪುಸ್ತಕ ತೆಗೆಯತೊಡಗಿದ. ಬಣ್ಣ ದಟ್ಟ, ಮಿರುಗು ಜೋರು. ಆದರೆ ಪುಣ್ಯಾತ್ಮ ಭಾರತಕ್ಕೆ ಕಾಲೇ ಇಟ್ಟವನಲ್ಲ. ಲಂಡನ್ನಿನ ಶ್ರೀಮಂತರ ಪೆಟ್ಟಿಗೆಗಳಲ್ಲಿ ಸೂಜಿ ಚುಚ್ಚಿಟ್ಟಿದ್ದ ಸತ್ತ ಹುಳ ನೋಡಿ ಬರೆದ. ಮರಿಯಾ ಸಿಬಿಲಾ ಮೆರಿಯನ್ ಹಾಗಲ್ಲ. 52ನೆಯ ವಯಸ್ಸಿನಲ್ಲಿ, 1699ರಲ್ಲಿ, ಕಿರಿಮಗಳನ್ನು ಕರೆದುಕೊಂಡು ಆಮ್‌ಸ್ಟರ್‌ಡ್ಯಾಮಿನಿಂದ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಾಕೆ. ಕಾಡಿನ ಹುಳ ತಂದು ಸಾಕಿ, ಮರಿಹುಳ, ಕೋಶ, ರೆಕ್ಕೆ ಬಂದ ಪತಂಗ, ಅದು ಕೂತ ಗಿಡ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ತಂದಳು. ಮೈ ಹದಗೆಟ್ಟು 1701ರಲ್ಲಿ ಮರಳಿ ಬಂದಳು, 1705ರಲ್ಲಿ 60 ಚಿತ್ರಗಳ ಪುಸ್ತಕ ಬಂತು. ಅದರ 45ನೆಯ ಚಿತ್ರದಲ್ಲಿರುವ ಗಿಡ ನಮ್ಮ ಧಾರವಾಡದ ಕಂಪೌಂಡುಗಳಲ್ಲಿ ಕಾಣುವ ರತ್ನಗಂಧಿಯೇ. ತಮ್ಮ ಮಕ್ಕಳೂ ಗುಲಾಮರಾಗದಿರಲೆಂದು ಅಲ್ಲಿಯ ಗುಲಾಮ ಹೆಂಗಸರು ಈ ಗಿಡದ ಬೀಜದಿಂದ ಬಸಿರು ಇಳಿಸಿಕೊಳ್ಳುತ್ತಿದ್ದರೆಂದು ಮೆರಿಯನ್ ಬರೆದಿದ್ದಾಳೆ. ಚಿತ್ರವನ್ನಷ್ಟೇ ಬಿಡಿಸಿ ಮಾರಿದರೆ ಹೋಗುವುದು ಇಂಥ ಮಾತು.

ಮೂಲ ಹಾಳೆ ನನ್ನ ಯೋಗ್ಯತೆಗೆ ಮೀರಿದ್ದು. ಒಳ್ಳೆಯ ನಕಲೊಂದನ್ನು ರಜೆಗೆ ಹೋದಾಗ ಮಾಳಮಡ್ಡಿಯ ಮನೆಗೆ ಒಯ್ದಿದ್ದೆ. ಒಕ್ಕಲುತನ ಮಾಡಿ ಈಗ ಮಗನ ಮನೆಯಲ್ಲಿರುವ ಕಾಕಾ ಮೊದಲು ರಾಗ ಎಳೆದರು, "ಹುಳದ ಚಿತ್ರಕ್ಕ ರೊಕ್ಕಾ ಕೊಡ್ತಾರೇನೋ ತಮ್ಮಾ? ಹಿತ್ತಲದಾಗ ಪುಕ್ಕಟೆ ಸಿಗ್ತಾವಲ್ಲ." ಆಮೇಲೆ ಚಾಳೀಸು ಏರಿಸಿ ಬಹಳ ಹೊತ್ತು ನೋಡಿದರು. "ಬಾಲದಾಗ ಕೋಡು ಐತಿ. ಎಳ್ಳಿನ ಹೊಲದಾಗ ಇಂಥಾವು ಬರ್ತಾವು. ಇದು ರತ್ನಗಂಧಿ ತಿನ್ನೂ ಜಾತಿ ಅಲ್ಲ ಬಿಡು."

ಕಾಕಾ ಹೇಳಿದ್ದು ಖರೆ. ಆ ಚಿತ್ರದಲ್ಲಿರುವ ಹುಳದ ನಿಜವಾದ ಊಟ ತಂಬಾಕು, ಟೊಮೆಟೊ ಜಾತಿಯ ಗಿಡಗಳು. ಎಳ್ಳಿನ ಹುಳ ಅದರ ಬಳಗದ್ದೇ. ಮೆರಿಯನ್ನಳಂಥವಳೂ ಅಲ್ಲಿ ಗಿಡ ಬದಲಿಸಿದ್ದಳು. ಡೆವೆಂಟರಿನಲ್ಲಿ ಹಾಳೆಗೆ ಎಷ್ಟು ವರ್ಷ, ಅಂಚು ಕತ್ತರಿಸಿದ್ದಾರೋ, ಕಲೆ ಇದೆಯೋ ಎಂದೆಲ್ಲ ಕೇಳುತ್ತಾರೆ. ಹುಳ ಏನು ತಿನ್ನುತ್ತದೆಂದು ಕೇಳಿದವರನ್ನು ನಾನು ಕಾಣೆ. ಕಾರವಾರ ಸೀಮೆಯಲ್ಲಿ ಡೇವಿಡ್‌ಸನ್, ಬೆಲ್, ಏಟ್ಕನ್ ಎಂಬ ಮೂವರು ಸರಕಾರಿ ನೌಕರರು 1890ರ ದಶಕದಲ್ಲಿ ಮರಿಹುಳಗಳನ್ನು ಸಾಕಿ ನೋಡಿ, ಯಾವುದಕ್ಕೆ ಯಾವ ಎಲೆ ಎಂದು ಬರೆದಿಟ್ಟದ್ದು ಕಾಕಾ ಅವರ ಈ ಪ್ರಶ್ನೆಗೇ.

ಊರಲ್ಲಿ ಇಂಥ ಹಾಳೆ ಇಡುವುದು ಸುಲಭವಲ್ಲ. ಶ್ರಾವಣದ ಜಿಟಿಜಿಟಿ ಮಳೆಗೆ ಗೋಡೆ ಬೆವರುತ್ತದೆ, ಬೂಷ್ಟು ಬರುತ್ತದೆ, ಗೆದ್ದಲು ಕಾಯ್ದೇ ಇರುತ್ತದೆ. ಫೋಟೋ ಫ್ರೇಮಿನ ಅಂಗಡಿಯಲ್ಲಿ ಕೇಳದಿದ್ದರೆ ಹಾಳೆಯನ್ನು ಗೋಂದು ಹಚ್ಚಿ ಹಲಗೆಗೆ ಅಂಟಿಸಿಬಿಡುತ್ತಾರೆ. ಬೆನ್ನಿನ ಆ ಕಂದು ನೆರಳು ಅಲ್ಲಿಗೆ ಮುಗಿಯಿತು. ಅಂಟಿಸಬೇಡಿರೆಂದು ಮೊದಲೇ ಹೇಳಬೇಕು, ಗಾಜು ಹಾಳೆಗೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಕಟ್ಟಿಸಬೇಕು, ಬಿಸಿಲು ಬೀಳದ ಒಳಗೋಡೆ ಹುಡುಕಬೇಕು. ಹಳೆ ಶಾಲೆಗಳ ಕಪಾಟಿನಲ್ಲಿ ಪ್ರಾಣಿಶಾಸ್ತ್ರದ ನಕ್ಷೆಗಳಿದ್ದರೆ ಅವಕ್ಕೂ ಇಷ್ಟೇ ಆರೈಕೆ ಸಾಕು, ರದ್ದಿಯವನನ್ನು ಕರೆಯುವ ಮೊದಲು ಯಾರಾದರೂ ಒಮ್ಮೆ ಬಿಚ್ಚಿ ನೋಡಿದರೆ.

ಈಗ ನನ್ನ ಒಂದೊಂದು ಹಾಳೆಯ ಹಿಂದೆಯೂ ಒಂದು ಬಿಡಿ ಚೀಟಿ ಇಟ್ಟಿದ್ದೇನೆ. ಪ್ರಕಟವಾದ ವರ್ಷ, ಕೆತ್ತಿದವರ ಹೆಸರು ನಾನು ತುಂಬುತ್ತೇನೆ. ಹುಳದ ಫೋಟೋ ವಾಟ್ಸ್ಯಾಪಿನಲ್ಲಿ ಧಾರವಾಡಕ್ಕೆ ಹೋಗುತ್ತದೆ. ಉತ್ತರ ವಾರ ಬಿಟ್ಟು ಬರುತ್ತದೆ, ಅದೂ ದನಿಮುದ್ರಿಕೆಯಲ್ಲಿ, ಯಾಕೆಂದರೆ ಕಾಕಾಗೆ ಟೈಪು ಮಾಡಲು ಬೇಸರ.