ಅಮ್ಮಮ್ಮನ ಡೈರಿಯಲ್ಲಿ ತಿಂಗಳಿಗೆ ಮೂರು ದಿನ

ಶಿರಸಿ ಕಡೆಯ ನಮ್ಮ ಅಜ್ಜನಮನೆಯ ಅಟ್ಟ ಖಾಲಿ ಮಾಡುವಾಗ ಅಮ್ಮಮ್ಮನ ಎರಡು ಡೈರಿ ಸಿಕ್ಕವು. 1979ರದ್ದೊಂದು, 1980ರದ್ದೊಂದು. ಅಡಿಕೆ ವಖಾರಿಯಲ್ಲಿ ಹೊಸ ವರ್ಷಕ್ಕೆ ಪುಕ್ಕಟೆ ಕೊಡುತ್ತಿದ್ದವು. ಒಂದರ ಅಂಚನ್ನು ಒರಲೆ ತಿಂದಿದೆ.

ಬೆಂಗಳೂರಿಗೆ ತಂದು ರಾತ್ರಿ ಓದೋಕೆ ಕೂತೆ. ನಿಜ ಹೇಳ್ತೀನಿ, 'ಆಗಿನ ನೆಮ್ಮದಿ, ಈಗಿನ ಗಡಿಬಿಡಿ' ಅಂತ ಚಂದದ ಪೋಸ್ಟ್ ಬರೆಯುವ ಆಸೆಯಿತ್ತು. ಹತ್ತು ಪುಟಕ್ಕೇ ಆ ಆಸೆ ಬಿಟ್ಟುಹೋಯ್ತು.

ಹೆಚ್ಚಿನ ದಿನಕ್ಕೆ ಒಂದೇ ಸಾಲು. 'ಊಟಕ್ಕೆ 17.' 'ಗೌರಿ ಕರು ಹಾಕಿತು, ಹೆಣ್ಣು.' 'ಸೀಮೆಎಣ್ಣೆ ಬಂದಿಲ್ಲ.' 'ಕೊನೆಕೊಯ್ಲು ಶುರು. ಊಟಕ್ಕೆ 26.' ಅಲ್ಲಿಂದ ಮುಂದೆ ವಾರಗಟ್ಟಲೆ ಬರೀ ಸಂಖ್ಯೆ. ಹಗಲು ಅಷ್ಟು ಜನಕ್ಕೆ ಅಡಿಗೆ, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋದು. ನಮ್ಮನೇಲಿ ಊಟಕ್ಕೆ 3. ಅದಕ್ಕೇ ವಾರಕ್ಕೆರಡು ಸಲ 'ಇವತ್ತು ತರಿಸೋಣ್ವಾ' ಅಂತೀನಿ.

1980ರ ಫೆಬ್ರವರಿ 16ನ್ನು ಹುಡುಕಿ ತೆಗೆದೆ. ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣ. ಮಧ್ಯಾಹ್ನ ಮೂರೂವರೆ ಕಳೆದು ಸ್ವಲ್ಪ ಹೊತ್ತಿಗೆ ಕತ್ತಲೆ. ಅಮ್ಮಮ್ಮ ಬರೆದಿದ್ದಿಷ್ಟು: 'ಗ್ರಹಣ. ನೀರಿಗೆ, ಉಪ್ಪಿನಕಾಯಿಗೆ ದರ್ಭೆ. ಊಟಕ್ಕೆ 22.'

ಸೂರ್ಯನೇ ಮಾಯವಾದರೂ ಒಂದು ಸಾಲು! ಅದೇ ಇನ್ನೊಂದು ತಿಂಗಳು, ಮಡಿವಾಳ ಹಕ್ಕಿಯೊಂದು ಬಚ್ಚಲುಮನೆ ಗೋಡೆಯ ತೂತಿಗೆ ನಾರು ತಂದು ತುರುಕಿದ್ದಕ್ಕೆ ಎರಡೂವರೆ ಪುಟ. ಎಷ್ಟು ಸಲ ಬಂತು, ಯಾವ ಕಡೆಯಿಂದ ಬಂತು, ಗಂಡು ಸುಮ್ನೆ ಬೇಲಿ ಮೇಲೆ ಕೂತು ಹಾಡುತ್ತಿತ್ತು ಅನ್ನೋದೂ ಇದೆ. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತೆ ಅಂತ ಊರೂರೇ ಹೆದರಿತ್ತಲ್ಲ, ಆಗಲೂ 9ರಿಂದ 11ರವರೆಗೆ ಪುಟ ತುಂಬಾ ಬರಹ. 'ತೋಟಕ್ಕೆ ಬೀಳದಿರಲಿ. ಗದ್ದೆಗೂ ಬೇಡ, ನೆಟ್ಟಿ ಮುಗಿದಿಲ್ಲ. ಸಮುದ್ರ ದೊಡ್ಡದಿದೆ, ಅಲ್ಲಿ ಬೀಳಬಹುದು.'

ಇದೇನು ಲೆಕ್ಕ ಅಂತ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಫೋನ್ ಮಾಡಿದೆ. ಆಯಿ ನಕ್ಕಳು. "ಅದು ಹೊರಗೆ ಕೂತಾಗ ಬರದ್ದು ಕೂಸೆ. ಮತ್ಯಾವಾಗ ಪುರಸೊತ್ತಿತ್ತು ಅದಕ್ಕೆ?" (ನಮ್ಮ ಕಡೆ ಹೆಂಗಸರಿಗೆ 'ಅದು' ಅನ್ನೋದೇ ರೂಢಿ. ಆ ಜಗಳ ಇನ್ನೊಂದಿನ.)

ಡೈರಿ ತಿರುವಿ ನೋಡಿದೆ. ಹೌದು, ಸುಮಾರು ಇಪ್ಪತ್ತೆಂಟು ದಿನಕ್ಕೊಮ್ಮೆ ಮೂರು ದಿನ ಉದ್ದುದ್ದ ಬರಹ. ಉಳಿದಿದ್ದೆಲ್ಲ ಊಟದ ಲೆಕ್ಕ.

'ನೋಡಿದ್ರಾ, ಹಿರಿಯರು ವಿಶ್ರಾಂತಿಗೆ ಅಂತಲೇ ಮಾಡಿದ್ದು' ಅಂತ ಕೆಳಗೆ ಬರೆಯೋಕೆ ಕೆಲವರು ಕಾಯ್ತಿರ್ತೀರಿ, ಗೊತ್ತು. ವಿಶ್ರಾಂತಿಗೇ ಆದರೆ ಒಳಗೇ ಕೊಡಬಹುದಿತ್ತಲ್ಲ? ಜುಲೈ ಮಳೆಯಲ್ಲಿ, ಜಗಲಿ ಮೂಲೆಯ ಹಸಿ ಗೋಡೆ ಪಕ್ಕ ಒಂದು ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು ಯಾಕೆ? ಆ ಪದ್ಧತಿ ಮೇಲೆ ನನಗಿದ್ದ ಸಿಟ್ಟು ಒಂದು ಚೂರೂ ಕಮ್ಮಿ ಆಗಿಲ್ಲ. ಯಾರೂ ಮುಟ್ಟಬಾರದು ಅಂದಾಗ ಮಾತ್ರ ಒಬ್ಬಳಿಗೆ ಪೆನ್ನು ಹಿಡಿಯೋಕೆ ಬಿಡುವು ಸಿಗುತ್ತಿತ್ತು ಅಂದರೆ, ಆ ಮನೆಯ ಬಗ್ಗೆ ಇನ್ನೂ ಜಾಸ್ತಿ ಸಿಟ್ಟು ಬಂತು.

ಹಾಗಂತ ನನ್ನ ಕಥೆ ಹೇಳಿಕೊಳ್ಳುವ ಹಾಗೇನಿಲ್ಲ. ನಾನು ಯಾವತ್ತೂ ಹೊರಗೆ ಕೂತಿಲ್ಲ. ಮಾತ್ರೆ ನುಂಗಿ, ಬೆಳಿಗ್ಗೆ ಮಗಳ ಡಬ್ಬಿ ಕಟ್ಟಿ, ಒಂಬತ್ತೂವರೆ ಮೀಟಿಂಗಿಗೆ ಕ್ಯಾಮೆರಾ ಆನ್ ಮಾಡ್ತೀನಿ. ಡೈರಿ ಅಂತ ನನಗಿರೋದು ಫೋನ್‌ಪೇ ಹಿಸ್ಟರಿ ಒಂದೇ. ಈ ವರ್ಷದ ಫೆಬ್ರವರಿ 16 ಏನಾಗಿತ್ತು ಅಂತ ನೋಡಿದೆ. ಹಾಲು 56, ಆಟೋ 140, ಕ್ರಾಫ್ಟ್ ಪೇಪರ್ 80, ಆಟೋ 165. ಆ ದಿನ ನಾನು ಏನು ನೋಡಿದೆ, ಯಾರ ಜೊತೆ ನಕ್ಕೆ, ಒಂದೂ ನೆನಪಿಲ್ಲ. ಬಾಲ್ಕನಿಗೆ ಹಕ್ಕಿ ಬಂದಿತ್ತೋ ಏನೋ. ಪಾರಿವಾಳ ಆದರೆ ಓಡಿಸಿರ್ತೀನಿ.

ಈ ಬರಹವನ್ನೂ ನಾಲ್ಕು ದಿನ ಮೆಟ್ರೋದಲ್ಲಿ ನಿಂತು, ತುಂಡು ತುಂಡಾಗಿ ಟೈಪ್ ಮಾಡಿದ್ದು.

ಕೊನೆಗೆ ಇನ್ನೊಂದು ಪುಟ ನೋಡುವ ಕುತೂಹಲ ತಡೆಯಲಾಗಲಿಲ್ಲ. ಸ್ಕೈಲ್ಯಾಬ್ 11ರ ರಾತ್ರಿ ಬಿತ್ತು, ಒಂದಿಷ್ಟು ಹಿಂದೂ ಮಹಾಸಾಗರಕ್ಕೆ, ಒಂದಿಷ್ಟು ಚೂರು ಆಸ್ಟ್ರೇಲಿಯಕ್ಕೆ. ಸಮುದ್ರದ ಬಗ್ಗೆ ಅಮ್ಮಮ್ಮ ಹೇಳಿದ್ದು ಮುಕ್ಕಾಲು ಪಾಲು ನಿಜವಾಗಿತ್ತು. ಮಾರನೇ ದಿನ ರೇಡಿಯೋದಲ್ಲಿ ಕೇಳಿ ಎಷ್ಟು ಖುಷಿಪಟ್ಟಿರಬಹುದು ಅಂತ ಜುಲೈ 12 ತೆಗೆದೆ.

'ಮಿಂದು ಒಳಗೆ ಬಂದೆ. ಊಟಕ್ಕೆ 18.'